ಸದ್ದು ಬರುವುದು ಸಂದಿಯಿಂದ

ಬೆಂಗಳೂರಿನ ರಾತ್ರಿಯ ಸದ್ದೇ ಬೇರೆ. ಹಗಲಲ್ಲಿ ಕಾಡುವುದು ಹಾರ್ನು, ಸ್ಕೂಟರು, ಆಟೋ. ರಾತ್ರಿ ಹತ್ತು ಕಳೆದ ಮೇಲೆ, ಹಗಲು ಊರೊಳಗೆ ಬರಲು ನಿರ್ಬಂಧವಿರುವ ಭಾರಿ ಲಾರಿಗಳ ಸರದಿ ಶುರುವಾಗುತ್ತದೆ. ಎಂ-ಸ್ಯಾಂಡ್ ಹೊತ್ತ ಟಿಪ್ಪರು, ಕಾಂಕ್ರೀಟ್ ತಿರುಗಿಸುತ್ತ ಬರುವ ಮಿಕ್ಸರು, ಕಬ್ಬಿಣದ ಸರಳು ಹೇರಿದ ಉದ್ದನೆಯ ಟ್ರೈಲರು. ಹೊರವರ್ತುಲ ರಸ್ತೆ, ತುಮಕೂರು ರಸ್ತೆ, ಹೊಸೂರು ರಸ್ತೆಗಳ ಪಕ್ಕದ ಫ್ಲ್ಯಾಟುಗಳಲ್ಲಿ ಮಲಗಿದವರಿಗೆ ಈ ಸದ್ದು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಹಂಪಿನ ಮುಂದೆ ಗೇರು ಇಳಿಸಿ ಮತ್ತೆ ಏರಿಸುವಾಗಿನ ಗುಡುಗು, ಖಾಲಿ ಟಿಪ್ಪರು ಗುಂಡಿಗೆ ಇಳಿದಾಗ ಹಿಂಬಾಗಿಲು ಬಡಿದುಕೊಳ್ಳುವ ತಗಡಿನ ಸದ್ದು. ಕಿಟಕಿ ಮುಚ್ಚಿದರೂ ಬರುತ್ತದೆ. ಸಾಲ ಮಾಡಿ ಕೊಂಡ ಮನೆ, ದುಡ್ಡು ಸುರಿದು ಹಾಕಿಸಿದ ಯುಪಿವಿಸಿ ಕಿಟಕಿ, ಅದರಲ್ಲೂ ಡಬಲ್ ಗ್ಲಾಸು. ಆದರೂ ಬರುತ್ತದೆ.

ಏಕೆ ಬರುತ್ತದೆ ಎಂದು ತಿಳಿದುಕೊಳ್ಳದೆ ಜನ ಮತ್ತೆ ಮತ್ತೆ ಹಣ ಕಳೆದುಕೊಳ್ಳುವುದನ್ನು ನೋಡಿ ನೋಡಿ ಈ ಲೇಖನ ಬರೆಯಬೇಕೆನಿಸಿತು. ನಿದ್ದೆಗೆ ಬೇಕಾದ ನಿಶ್ಶಬ್ದ ಉಳ್ಳವರ ಶೋಕಿಯಲ್ಲ. ನಿದ್ದೆಯಲ್ಲಿರುವಾಗ ಎಚ್ಚರವಾಗದಿದ್ದರೂ ಸದ್ದಿಗೆ ದೇಹ ಸ್ಪಂದಿಸುತ್ತಲೇ ಇರುತ್ತದೆ. ಎದೆಬಡಿತ ಏರುತ್ತದೆ, ರಕ್ತದೊತ್ತಡ ಏರುತ್ತದೆ, ಗಾಢ ನಿದ್ದೆ ತುಂಡಾಗುತ್ತದೆ. 'ನಮಗೆ ಅಭ್ಯಾಸವಾಗಿಬಿಟ್ಟಿದೆ' ಎನ್ನುವವರ ಕಿವಿಗೆ ಅಭ್ಯಾಸವಾಗಿರಬಹುದು, ಹೃದಯಕ್ಕೆ ಆಗಿರುವುದಿಲ್ಲ.

ಮೊದಲು ಅಂಕಿಗಳನ್ನು ನೋಡಿಬಿಡೋಣ. 2000ದಲ್ಲಿ ಜಾರಿಗೆ ಬಂದ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯೂರೋಪಿಗೆಂದು ಹೊರಡಿಸಿದ ಮಾರ್ಗಸೂಚಿಯಲ್ಲೂ ರಸ್ತೆ ಸಂಚಾರದ ರಾತ್ರಿಯ ಮಿತಿ ಇದೇ 45. ಕಾಗದದ ಮೇಲೆ ನಾವು ಯಾರಿಗೂ ಕಡಿಮೆಯಿಲ್ಲ. ಅದೇ ಸಂಸ್ಥೆ 1999ರಲ್ಲಿ ಮಲಗುವ ಕೋಣೆಯ ಒಳಗೆ 30 ಡೆಸಿಬೆಲ್ ದಾಟಬಾರದು ಎಂದು ಹೇಳಿತ್ತು. ದೊಡ್ಡ ರಸ್ತೆಗೆ ಮುಖ ಮಾಡಿದ ಗೋಡೆಯ ಹೊರಗೆ ನಡುರಾತ್ರಿಯೂ 65–70 ಇರುವುದು ಸಾಮಾನ್ಯ. ಅಂದರೆ ಹೊರಗಿನ ಸದ್ದು ಹಾಸಿಗೆ ತಲುಪುವಷ್ಟರಲ್ಲಿ 35ರಿಂದ 40 ಡೆಸಿಬೆಲ್ ತಗ್ಗಬೇಕು. ಡೆಸಿಬೆಲ್ ಲೆಕ್ಕ ಮಾಮೂಲಿ ಅಳತೆಗಳ ಲೆಕ್ಕದಂತಲ್ಲ. 10 ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ, 3 ಇಳಿದರೆ ಗೊತ್ತಾಗುವುದೇ ಕಷ್ಟ.

ಆ 40 ಡೆಸಿಬೆಲ್ ತಡೆಯಬೇಕಾದವರು ಇಬ್ಬರೇ, ಗೋಡೆ ಮತ್ತು ಕಿಟಕಿ. ಗೋಡೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾದ್ದಿಲ್ಲ. ಎರಡೂ ಬದಿ ಗಾರೆ ಮಾಡಿದ ಆರಿಂಚಿನ ಸಾಲಿಡ್ ಬ್ಲಾಕ್ ಗೋಡೆ 45 ಡೆಸಿಬೆಲ್ ತಡೆಯುತ್ತದೆ ಎಂದೇ ಇಟ್ಟುಕೊಳ್ಳಿ. ಗೋಡೆಯ ಕಾಲು ಭಾಗ ಕಿಟಕಿ, ಅದು ತಡೆಯುವುದು 25. ಒಟ್ಟು ಎಷ್ಟಾಯಿತು? 40 ಅಲ್ಲ, 31. ಈಗ ಗೋಡೆಗೆ ಇನ್ನೊಂದು ಪದರ ಕಟ್ಟಿ ಅದರ ಶಕ್ತಿಯನ್ನು 60ಕ್ಕೆ ಏರಿಸಿ ನೋಡಿ, ಒಟ್ಟು ಆಗಲೂ 31ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಗೋಡೆಯನ್ನು ಮುಟ್ಟದೆ ಕಿಟಕಿಯನ್ನು 25ರಿಂದ 35ಕ್ಕೆ ತಂದರೆ ಒಟ್ಟು ಸೀದಾ 40 ಮುಟ್ಟುತ್ತದೆ. ಹಾಲಿನ ಗೋಡೆಗೆ ಫೋಮಿನ ಚೌಕಗಳನ್ನು ಅಂಟಿಸಿ 'ಸೌಂಡ್ ಪ್ರೂಫ್ ಮಾಡಿಕೊಡುತ್ತೇವೆ' ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಆ ಫೋಮು ಕೋಣೆಯೊಳಗಿನ ಪ್ರತಿಧ್ವನಿಗೆ ಮದ್ದು, ಹೊರಗಿನ ಲಾರಿಗಲ್ಲ.

ಕಿಟಕಿಯಲ್ಲೂ ಮೊದಲ ಕಳ್ಳ ಗಾಜಲ್ಲ, ಸಂದಿ. ಐದಡಿ ಅಗಲ, ನಾಲ್ಕಡಿ ಎತ್ತರದ ಕಿಟಕಿಯ ಸುತ್ತ ಎರಡು ಮಿಲಿಮೀಟರ್ ಸಂದಿ ಉಳಿದಿದೆ ಎನ್ನೋಣ. ನೋಡಲು ಏನೇನೂ ಅಲ್ಲ, ಒಂದು ರೂಪಾಯಿ ನಾಣ್ಯ ತೂರಬಹುದು ಅಷ್ಟೆ. ಎಲ್ಲವನ್ನೂ ಸೇರಿಸಿದರೆ ಅದು ಕಿಟಕಿಯ ವಿಸ್ತೀರ್ಣದ ಶೇ 0.6 ಆಗುತ್ತದೆ. ಸರಳ ಲೆಕ್ಕದಲ್ಲಿ, ಅಷ್ಟು ತೆರಪಿರುವ ಕಿಟಕಿ 22 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾರದು. ಅದರಲ್ಲಿ ಎಷ್ಟು ದುಬಾರಿ ಗಾಜು ಕೂರಿಸಿದರೂ ಅಷ್ಟೇ. ಹಳೆಯ ಬಡಗಿಯೊಬ್ಬರು ಇದನ್ನೇ ಒಂದು ಮಾತಿನಲ್ಲಿ ಹೇಳಿದ್ದರು: "ನೀರು ಸೋರೋ ಕಡೆಯೆಲ್ಲಾ ಸೌಂಡೂ ಸೋರ್ತದೆ ಸಾರ್, ಮೊದ್ಲು ಸಂದಿ ಮುಚ್ಚಿ, ಆಮೇಲೆ ಗಾಜಿನ ಮಾತಾಡಿ." ಶಬ್ದಶಾಸ್ತ್ರದ ಪುಸ್ತಕಗಳು ಹೇಳುವುದೂ ಇದನ್ನೇ.

ಸಂದಿ ಹುಡುಕಲು ಯಂತ್ರ ಬೇಡ. ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಊದುಬತ್ತಿ ಹಚ್ಚಿ ಚೌಕಟ್ಟಿನ ಅಂಚಿನುದ್ದಕ್ಕೂ ನಿಧಾನವಾಗಿ ಒಯ್ಯಿರಿ. ಹೊಗೆ ಎಲ್ಲಿ ವಾಲುತ್ತದೋ ಅಲ್ಲಿ ಸಂದಿಯಿದೆ. ರಾತ್ರಿ ದೀಪ ಆರಿಸಿ, ಬಾಲ್ಕನಿಯಲ್ಲೊಬ್ಬರು ಟಾರ್ಚ್ ಹಿಡಿದು ನಿಂತರೆ ಒಳಗಿನವರಿಗೆ ಬೆಳಕಿನ ಗೆರೆಗಳು ಕಾಣುತ್ತವೆ. ಕಿಟಕಿಗಷ್ಟೇ ನಿಲ್ಲಬೇಡಿ. ಏಸಿ ಪೈಪು ಹೋದ ತೂತು, ಕೇಬಲ್ ಟೀವಿಯವರು ಕೊರೆದು ಹಾಗೇ ಬಿಟ್ಟ ತೂತು, ಬಚ್ಚಲುಮನೆಯ ಪಟ್ಟಿಗಾಜಿನ ವೆಂಟಿಲೇಟರು, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ಬಾಯಿ, ಹಳೆಯ ಮನೆಗಳಲ್ಲಾದರೆ ಲಿಂಟಲ್ ಮೇಲಿನ ಜಾಲಂಧ್ರ, ಇವೆಲ್ಲ ತೆರೆದ ಕಿಟಕಿಗಳೇ.

ಜಾರುವ ಕಿಟಕಿಯ ಕಾಲ

ನಮ್ಮ ತೊಟ್ಟಿಮನೆಗಳು ಬೀದಿಗೆ ಬೆನ್ನು ಹಾಕಿದ್ದವು. ದಪ್ಪ ಮಣ್ಣಿನ ಗೋಡೆ, ಬೀದಿಯ ಕಡೆ ಸಣ್ಣ ಕಿಟಕಿ, ಗಾಳಿ ಬೆಳಕೆಲ್ಲ ನಡುವಿನ ತೊಟ್ಟಿಯಿಂದ. 1898ರ ಪ್ಲೇಗಿನ ಆಸುಪಾಸಿನಲ್ಲಿ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮನೆಯ ಮುಖ ಬೀದಿಗೆ ತಿರುಗಿತು, ಆದರೆ ನಡುವೆ ಅಂಗಳವಿತ್ತು, ಮರವಿತ್ತು. ಗಾಳಿ ಧಾರಾಳವಾಗಿ ಬರಲೆಂದೇ ಆ ಬಡಾವಣೆಗಳು ಹುಟ್ಟಿದ್ದು. ರಸ್ತೆಯಲ್ಲಿ ಓಡುತ್ತಿದ್ದುದು ಜಟಕಾ, ಸೈಕಲ್ಲು. ಸಾಗುವಾನಿಯ ಚೌಕಟ್ಟು, ಹೊರಕ್ಕೆ ತೆರೆಯುವ ಎರಡು ಕದ, ಮೂರು ಮಿಲಿಮೀಟರಿನ ಗಾಜು, ಕಬ್ಬಿಣದ ಸರಳು. ಆ ಕಿಟಕಿಗಳು ಮುಚ್ಚಲೆಂದು ಮಾಡಿದವಲ್ಲ, ತೆರೆದಿಡಲೆಂದು ಮಾಡಿದವು.

ಮುಂದೆ ನಿವೇಶನಗಳು ಮೂವತ್ತು ನಲವತ್ತಕ್ಕೆ ಇಳಿದವು, ರಸ್ತೆ ಅಗಲವಾಗುತ್ತ ಅಂಗಳವನ್ನು ತಿಂದಿತು, ಮಹಡಿಗಳು ಎದ್ದವು. ಕಿಟಕಿಯ ಕದ ಹೊರಕ್ಕೆ ತೆರೆಯಲು ಜಾಗವಿಲ್ಲದಾಯಿತು. ಅಲ್ಯುಮಿನಿಯಂ ಸ್ಲೈಡಿಂಗ್ ಬಂದದ್ದು ಹಾಗೆ. ಅದರ ಹಿಂದೆಯೇ ಯುಪಿವಿಸಿ. ಈಗ ಬೆಂಗಳೂರಿನ ಯಾವ ಹೊಸ ಅಪಾರ್ಟ್‌ಮೆಂಟಿಗೆ ಹೋದರೂ ಕಾಣುವುದು ಮೂರು ಹಳಿಯ ಕಿಟಕಿ. ಎರಡು ಹಳಿಯಲ್ಲಿ ಗಾಜು, ಇನ್ನೊಂದರಲ್ಲಿ ಸೊಳ್ಳೆ ಮೆಶ್. ಸೊಳ್ಳೆಗೂ ಜಾಗದ ಅಭಾವಕ್ಕೂ ಇದು ಸರಿಯಾದ ಉತ್ತರ. ಸದ್ದಿಗೆ ಮಾತ್ರ ತಪ್ಪು ಉತ್ತರ.

ಕಾರಣ ಅದರ ರಚನೆಯಲ್ಲೇ ಇದೆ. ಜಾರಬೇಕಾದ ಕದ ಬಿಗಿಯಾಗಿ ಕೂರುವಂತಿಲ್ಲ. ಹಾಗಾಗಿ ಅಂಚಿನಲ್ಲಿ ರಬ್ಬರಿನ ಬದಲು ಉಣ್ಣೆಯಂಥ ಎಳೆಗಳ ಬ್ರಶ್ ಪಟ್ಟಿ ಇಡುತ್ತಾರೆ. ಅದು ದೂಳು ತಡೆಯುತ್ತದೆ, ಗಾಳಿಯನ್ನು ಪೂರ್ತಿ ತಡೆಯುವುದಿಲ್ಲ. ಗಾಳಿ ನುಗ್ಗುವಲ್ಲಿ ಸದ್ದೂ ನುಗ್ಗುತ್ತದೆ. ಎರಡು ಕದಗಳು ನಡುವೆ ಒಂದರ ಮೇಲೊಂದು ಬರುವ ಕಡೆ ಸಂದಿ, ಕೆಳಗಿನ ಹಳಿಯಲ್ಲಿ ಗಾಲಿಗಳ ಪಕ್ಕ ಸಂದಿ, ಮಳೆನೀರು ಹೋಗಲು ಬಿಟ್ಟ ತೂತುಗಳು ಬೇರೆ. ಮೂರ್ನಾಲ್ಕು ವರ್ಷದಲ್ಲಿ ಬ್ರಶ್ ಸವೆದು ಬೋಳಾಗುತ್ತದೆ. ಗಾಳಿಮಳೆಯ ರಾತ್ರಿ ನಿಮ್ಮ ಕಿಟಕಿ ಸಿಳ್ಳೆ ಹಾಕುತ್ತಿದ್ದರೆ ಹೆಚ್ಚಿನ ಪುರಾವೆ ಬೇಕಿಲ್ಲ.

ಬಾಗಿಲಿನಂತೆ ಕೀಲಿನ ಮೇಲೆ ತಿರುಗಿ ತೆರೆಯುವ ಕಿಟಕಿ, ಅಂಗಡಿಯವರ ಮಾತಿನಲ್ಲಿ 'ಓಪನೆಬಲ್', ಬೇರೆಯೇ ಜಾತಿ. ಹಿಡಿ ತಿರುಗಿಸಿದಾಗ ಕದದ ಅಂಚಿನ ನಾಲ್ಕೈದು ಕಡೆ ಕೊಂಡಿಗಳು ಚೌಕಟ್ಟಿಗೆ ಸಿಕ್ಕಿಕೊಂಡು ಕದವನ್ನು ಒಳಕ್ಕೆ ಎಳೆದು ಹಿಡಿಯುತ್ತವೆ. ಸುತ್ತಲಿನ ರಬ್ಬರ್ ಗ್ಯಾಸ್ಕೆಟ್ ಅಮುಕಿಕೊಂಡು ಸಂದಿ ಮುಚ್ಚುತ್ತದೆ. ಮುಚ್ಚಿದ ಕದದ ನಡುವೆ ಕಾಗದದ ಹಾಳೆ ಸಿಕ್ಕಿಸಿ ಎಳೆದು ನೋಡಿ, ಎಲ್ಲ ಕಡೆಯೂ ಅದು ಬಿಗಿಯಾಗಿ ನಿಲ್ಲಬೇಕು. ಒಂದೇ ಬಗೆಯ ಸಾಧಾರಣ ಗಾಜು ಹಾಕಿದರೂ ಸ್ಲೈಡಿಂಗಿಗೂ ಇದಕ್ಕೂ ಇರುವ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಗ್ರಿಲ್ ಒಳಗಿದ್ದರೆ ಕದ ಹೊರಕ್ಕೆ, ಗ್ರಿಲ್ ಹೊರಗಿದ್ದರೆ ಒಳಕ್ಕೆ ತೆರೆಯುವಂತೆ ಮಾಡಿಸಬೇಕು. ಮೆಶ್ ಮಡಚಿಕೊಳ್ಳುವ ಬಗೆಯದನ್ನು ಹಾಕಿಸಬಹುದು. ಹೊಸದಾಗಿ ಮನೆ ಕಟ್ಟಿಸುವವರು ಕನಿಷ್ಠ ಮಲಗುವ ಕೋಣೆಯಲ್ಲಾದರೂ ಸ್ಲೈಡಿಂಗ್ ಬೇಡ ಎಂದು ಹಟ ಹಿಡಿಯಿರಿ. ಈ ಒಂದು ಮಾತು ಗಾಜಿಗೆ ಸುರಿಯುವ ಹಣಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಡಬಲ್ ಗ್ಲಾಸಿನ ಭ್ರಮೆ

"ಡಬಲ್ ಗ್ಲಾಸ್ ಹಾಕಿಸ್ಬಿಡಿ ಸಾರ್, ಪಿನ್ ಬಿದ್ರೂ ಕೇಳ್ಸುತ್ತೆ." ಅಂಗಡಿಗೆ ಹೋದವರೆಲ್ಲ ಕೇಳಿರುವ ಮಾತು. ಶೋರೂಮಿನಲ್ಲಿ ಒಂದು ಗಾಜಿನ ಪೆಟ್ಟಿಗೆಯೊಳಗೆ ಅಲಾರಂ ಇಟ್ಟು, ಮುಚ್ಚಿ ತೆರೆದು ತೋರಿಸುತ್ತಾರೆ. ಕೀರಲು ಸದ್ದು ಮಾಯವಾಗುತ್ತದೆ, ಗಿರಾಕಿ ಮುಂಗಡ ಕೊಡುತ್ತಾರೆ. ತೋರಿಸಿದ್ದು ಸುಳ್ಳಲ್ಲ. ಆದರೆ ಅಲಾರಮ್ಮಿನ ಸದ್ದೇ ಬೇರೆ, ಟಿಪ್ಪರಿನ ಸದ್ದೇ ಬೇರೆ.

ಸದ್ದನ್ನು ತಡೆಯುವುದು ತೂಕ. ಗಾಜು ಮಿಲಿಮೀಟರಿಗೆ ಚದರ ಮೀಟರಿಗೆ ಎರಡೂವರೆ ಕಿಲೋ ತೂಗುತ್ತದೆ. ತೂಕ ದುಪ್ಪಟ್ಟಾದರೆ ಹೆಚ್ಚೆಂದರೆ 6 ಡೆಸಿಬೆಲ್ ಲಾಭ, ನಿಜದಲ್ಲಿ ಸಿಗುವುದು ಇನ್ನೂ ಕಡಿಮೆ. ನಾಲ್ಕು ಮಿಲಿಮೀಟರ್ ಗಾಜು ಪ್ರಯೋಗಾಲಯದಲ್ಲಿ ಸುಮಾರು 29 ತಡೆದರೆ ಆರು ಮಿಲಿಮೀಟರಿನದು ಸುಮಾರು 31. ಹಾಗಾದರೆ ಆರು ಮಿಲಿಮೀಟರಿನ ಎರಡು ಗಾಜು, ನಡುವೆ ಹನ್ನೆರಡು ಮಿಲಿಮೀಟರ್ ಗಾಳಿ? ನಮ್ಮಲ್ಲಿ ಹೆಚ್ಚಾಗಿ ಮಾರಾಟವಾಗುವ ಡಬಲ್ ಗ್ಲಾಸ್ ಇದು. ಅದರ ಅಂಕ ಸುಮಾರು 33. ಗಾಜು ಎರಡು ಪಟ್ಟು, ಬೆಲೆ ಅದಕ್ಕೂ ಹೆಚ್ಚು, ಗಳಿಕೆ 2 ಡೆಸಿಬೆಲ್.

ಇದರ ಗುಟ್ಟು ನಡುವಿನ ಗಾಳಿಯಲ್ಲಿದೆ. ಎರಡು ಗಾಜಿನ ನಡುವೆ ಸಿಕ್ಕಿಬಿದ್ದ ತೆಳು ಗಾಳಿ ಸ್ಪ್ರಿಂಗಿನ ಹಾಗೆ ವರ್ತಿಸುತ್ತದೆ. ಒಂದು ನಿರ್ದಿಷ್ಟ ಸ್ವರಕ್ಕೆ ಎರಡೂ ಗಾಜುಗಳು ಆ ಸ್ಪ್ರಿಂಗಿನ ಮೇಲೆ ಕುಣಿಯತೊಡಗುತ್ತವೆ, ಸದ್ದನ್ನು ತಡೆಯುವ ಬದಲು ದಾಟಿಸಿಬಿಡುತ್ತವೆ. ಆರು-ಹನ್ನೆರಡು-ಆರರ ಜೋಡಿಗೆ ಆ ಸ್ವರ ಸೆಕೆಂಡಿಗೆ ಸುಮಾರು 200 ಕಂಪನ. ನಾಲ್ಕು-ಹನ್ನೆರಡು-ನಾಲ್ಕಕ್ಕೆ ಸುಮಾರು 245. ಲಾರಿ ಮತ್ತು ಬಸ್ಸಿನ ಎಂಜಿನ್ನು ಗುಡುಗುವುದು ಇದೇ ವಲಯದಲ್ಲಿ ಮತ್ತು ಇದರ ಕೆಳಗೆ. ಬೇಡದ ಸದ್ದು ಎಲ್ಲಿದೆಯೋ ಅಲ್ಲೇ ಡಬಲ್ ಗ್ಲಾಸ್ ಕೈಕೊಡುತ್ತದೆ. ಚಳಿದೇಶಗಳಲ್ಲಿ ಅದನ್ನು ರೂಢಿಗೆ ತಂದದ್ದು ಮನೆಯ ಬಿಸಿ ಹೊರಹೋಗದಿರಲೆಂದು. ಬೆಂಗಳೂರಿನ ಹವೆಗೆ ಆ ಲಾಭವೂ ಅಷ್ಟಕ್ಕಷ್ಟೆ.

ಅದಕ್ಕೇ ವರದಿ ಕೇಳುವಾಗ ಒಂದೇ ಅಂಕಿಗೆ ತೃಪ್ತರಾಗಬೇಡಿ. ಪ್ರಯೋಗಾಲಯದ ವರದಿಯಲ್ಲಿ 'ಆರ್‌ಡಬ್ಲ್ಯು' ಎಂಬ ಮುಖ್ಯ ಅಂಕದ ಪಕ್ಕ ಆವರಣದಲ್ಲಿ ಇನ್ನೆರಡು ಸಣ್ಣ ಅಂಕಿಗಳಿರುತ್ತವೆ. ಎರಡನೆಯದು, 'ಸಿಟಿಆರ್', ನಗರದ ವಾಹನಗಳ ತಗ್ಗು ಸದ್ದಿಗೆ ಎಷ್ಟು ಕಳೆಯಬೇಕು ಎಂದು ಹೇಳುತ್ತದೆ. ಡಬಲ್ ಗ್ಲಾಸಿನಲ್ಲಿ ಈ ಕಡಿತ ನಾಲ್ಕೈದು ಡೆಸಿಬೆಲ್ ಇರುವುದುಂಟು. ಇನ್ನೊಂದು ಎಚ್ಚರಿಕೆ: ವರದಿ ಬರಿಯ ಗಾಜಿನದೋ, ಚೌಕಟ್ಟು ಸಹಿತ ಇಡೀ ಕಿಟಕಿಯದೋ ಎಂದು ಕೇಳಿ. ಗಾಜಿನ ವರದಿ ತೋರಿಸಿ ಕಿಟಕಿ ಮಾರುವುದು ಸಾಮಾನ್ಯ.

ಒಂದೇ ಗಾಜಿಗೂ ಅದರದ್ದೇ ದೌರ್ಬಲ್ಯವಿದೆ. 12,000ವನ್ನು ಗಾಜಿನ ದಪ್ಪದಿಂದ ಭಾಗಿಸಿದರೆ ಸಿಗುವ ಕಂಪನದ ಹತ್ತಿರ ಗಾಜು ತಾನೇ ಅಲೆಯಾಗಿ ಬಾಗುತ್ತ ಸದ್ದನ್ನು ಒಳಬಿಡುತ್ತದೆ. ಆರು ಮಿಲಿಮೀಟರಿಗೆ ಅದು 2,000, ನಾಲ್ಕಕ್ಕೆ 3,000. ಹಾರ್ನು, ಬ್ರೇಕಿನ ಕಿರುಚು ಇಲ್ಲೇ ತೂರಿಬರುವುದು. ಇದಕ್ಕೆ ಮದ್ದು ಲ್ಯಾಮಿನೇಟೆಡ್ ಗಾಜು. ಕಾರಿನ ಮುಂಗಾಜಿನಂತೆ ಎರಡು ಗಾಜಿನ ನಡುವೆ ಮೆತ್ತನೆಯ ಪಿವಿಬಿ ಹಾಳೆ ಅಂಟಿಸಿರುತ್ತಾರೆ. ಕಂಪನವನ್ನು ಆ ಹಾಳೆ ನುಂಗಿಕೊಳ್ಳುತ್ತದೆ. 6.38 ಎಂದರೆ ಮೂರು ಮೂರರ ಎರಡು ಗಾಜು, ನಡುವೆ 0.38 ಮಿಲಿಮೀಟರಿನ ಹಾಳೆ. 8.76 ಎಂದರೆ ನಾಲ್ಕು ನಾಲ್ಕು, ನಡುವೆ 0.76. ಸದ್ದಿಗೆಂದೇ ತಯಾರಾದ ಇನ್ನೂ ಮೆದುವಾದ ಹಾಳೆಯೂ ಸಿಗುತ್ತದೆ, ಅದರಿಂದ ಇನ್ನು ಮೂರ್ನಾಲ್ಕು ಡೆಸಿಬೆಲ್ ದಕ್ಕುತ್ತದೆ. ಒಡೆದರೂ ಚೂರು ಚೆಲ್ಲಾಪಿಲ್ಲಿಯಾಗದೆ ಹಾಳೆಗೇ ಅಂಟಿಕೊಂಡಿರುವುದು ಮಕ್ಕಳಿರುವ ಮನೆಗೆ ಇನ್ನೊಂದು ಅನುಕೂಲ. ಡಬಲ್ ಗ್ಲಾಸನ್ನೇ ಹಾಕಿಸಬೇಕೆಂದರೆ ಎರಡೂ ಒಂದೇ ದಪ್ಪದವು ಬೇಡ, ಒಂದು ಎಂಟರದು, ಇನ್ನೊಂದು 6.38ರ ಲ್ಯಾಮಿನೇಟೆಡ್ ಇರಲಿ. ಆಗ ಒಂದರ ದೌರ್ಬಲ್ಯವನ್ನು ಇನ್ನೊಂದು ಮುಚ್ಚಿಕೊಳ್ಳುತ್ತದೆ.

ಕಿಟಕಿಯ ಹಿಂದೊಂದು ಕಿಟಕಿ

ಲಾರಿಯ ಗುಡುಗನ್ನು ಗೆಲ್ಲುವ ದಾರಿ ಇನ್ನೊಂದಿದೆ. ನನ್ನ ಮಟ್ಟಿಗೆ ನಮ್ಮ ಮನೆಗಳಿಗೆ ಒಗ್ಗುವುದೂ ಅದೇ. ಇರುವ ಕಿಟಕಿಯನ್ನು ಕೀಳದೆ, ಅದರ ಒಳಬದಿಯಲ್ಲಿ, ಅರ್ಧ ಗೇಣಿಗೆ ಸ್ವಲ್ಪ ಕಡಿಮೆ ಅಂತರ ಬಿಟ್ಟು ಎರಡನೆಯ ಕಿಟಕಿ ಕೂರಿಸುವುದು. ಸ್ಪ್ರಿಂಗಿನ ಲೆಕ್ಕವನ್ನೇ ಮತ್ತೆ ಹಾಕಿ. ಎರಡು ಗಾಜಿನ ಅಂತರ 12ರಿಂದ 100 ಮಿಲಿಮೀಟರಿಗೆ ಏರಿದರೆ ಕುಣಿತದ ಸ್ವರ 200ರಿಂದ ಸುಮಾರು 70ಕ್ಕೆ ಇಳಿಯುತ್ತದೆ. ಲಾರಿಯ ಸದ್ದಿನ ಬಹುಪಾಲು ಈಗ ಅದಕ್ಕಿಂತ ಮೇಲೆ ಉಳಿದು ತಡೆಗೆ ಸಿಕ್ಕಿಬೀಳುತ್ತದೆ. ಎರಡೂ ಕಿಟಕಿಗಳು ಬಿಗಿಯಾಗಿದ್ದರೆ ಒಟ್ಟು ತಡೆ 40 ದಾಟುವುದು ಕಷ್ಟವಲ್ಲ. ನಾವು ಹುಡುಕುತ್ತಿದ್ದುದು ಅದೇ ಸಂಖ್ಯೆ.

ಜಾಗ ಎಲ್ಲಿದೆ ಎನ್ನುವಿರಾ? ಒಂಬತ್ತಿಂಚಿನ ಇಟ್ಟಿಗೆ ಗೋಡೆಯಲ್ಲಿ ಐದಿಂಚಿನ ಮರದ ಚೌಕಟ್ಟು ಹೊರಬದಿಗೆ ಕೂತಿದ್ದರೆ ಒಳಗೆ ನಾಲ್ಕಿಂಚು ಹಾಗೇ ಉಳಿದಿರುತ್ತದೆ, ನಾವು ಹೂದಾನಿ ಇಡುವ ಜಾಗ. ಹೊರಗಿನ ಕದಕ್ಕೂ ಒಳಗಿನ ಹೊಸ ಗಾಜಿಗೂ ನಡುವೆ ಗ್ರಿಲ್ ಬಂದರೆ ಅಡ್ಡಿಯಿಲ್ಲ. ಆರಿಂಚಿನ ಗೋಡೆಯ ಹೊಸ ಫ್ಲ್ಯಾಟುಗಳಲ್ಲಿ ಗೋಡೆಯ ಮುಖದ ಮೇಲೆ ಮರದ ಪಟ್ಟಿ ಬಡಿದು ಚೌಕಟ್ಟನ್ನು ಒಳಕ್ಕೆ ತರಬೇಕಾಗುತ್ತದೆ. ಒಳಗಿನ ಕಿಟಕಿ ಒಳಕ್ಕೆ ತೆರೆಯಬೇಕು, ಇಲ್ಲದಿದ್ದರೆ ನಡುವಿನ ದೂಳು ಒರೆಸಲಾಗದು. ಎರಡರ ನಡುವಿನ ಅಂಚುಗಳಿಗೆ ಸದ್ದು ಹೀರುವ ತೆಳು ಪದರ ಅಂಟಿಸಿದರೆ ಇನ್ನಷ್ಟು ಒಳ್ಳೆಯದು.

ಅಪಾರ್ಟ್‌ಮೆಂಟಿನವರಿಗೆ ಇದರಲ್ಲಿ ಬೇರೊಂದು ಅನುಕೂಲವಿದೆ. ಕಟ್ಟಡದ ಹೊರನೋಟ ಬದಲಿಸಲು ಅಸೋಸಿಯೇಶನ್ ಒಪ್ಪುವುದಿಲ್ಲ, ಒಂದು ಕಿಟಕಿಯ ಬಣ್ಣ ಬೇರೆಯಾದರೂ ನೋಟಿಸು ಬರುತ್ತದೆ. ಒಳಗಿನ ಕಿಟಕಿಗೆ ಯಾರ ಅಪ್ಪಣೆಯೂ ಬೇಡ. ಹೊರಗಿನ ಸ್ಲೈಡಿಂಗ್ ಹಾಗೇ ಇರಲಿ, ಅದರ ಬ್ರಶ್ ಪಟ್ಟಿಗಳನ್ನು ಹೊಸದು ಮಾಡಿಸಿ, ಒಳಗೆ ಗ್ಯಾಸ್ಕೆಟ್ ಇರುವ ಓಪನೆಬಲ್ ಕೂರಿಸಿ. ಹೊರಗಿನ ಹಳಿಯಲ್ಲಿರುವ ನೀರಿನ ತೂತುಗಳನ್ನು ಮಾತ್ರ ಸದ್ದು ಬರುತ್ತದೆಂದು ಸಿಲಿಕೋನ್ ಹಾಕಿ ಮುಚ್ಚಬೇಡಿ. ಮುಂಗಾರಿನಲ್ಲಿ ಹಳಿ ತುಂಬಿ ನೀರು ಹಾಸಿಗೆಗೆ ಬರುತ್ತದೆ.

ಕೂರಿಸುವ ದಿನ ಮನೆಯಲ್ಲಿರಿ. ಚೌಕಟ್ಟಿಗೂ ಗೋಡೆಗೂ ನಡುವೆ ಉಳಿಯುವ ಅರ್ಧ ಇಂಚಿನ ತೆರಪನ್ನು ಕೆಲಸಗಾರರು ಥರ್ಮಕೋಲಿನ ತುಂಡೋ ಬರಿಯ ಫೋಮೋ ತುಂಬಿ, ಮೇಲೆ ಸಿಲಿಕೋನ್ ಎಳೆದು ಹೋಗಿಬಿಡುತ್ತಾರೆ. ಫೋಮಿಗೆ ತೂಕವಿಲ್ಲ. ಅಗಲವಾದ ತೆರಪಾದರೆ ಗಾರೆ ತುಂಬಬೇಕು, ಸಣ್ಣದಾದರೆ ಒಳಗೂ ಹೊರಗೂ ಎರಡೂ ಬದಿ ಸೀಲಂಟ್ ಎಳೆಯಬೇಕು. ಒಳ್ಳೆಯ ಕಿಟಕಿಯನ್ನು ಕೆಡಿಸುವುದಕ್ಕೆ ಕೊನೆಯ ಅರ್ಧ ಗಂಟೆಯ ಅವಸರ ಸಾಕು. ಕೆಲಸಕ್ಕೆ ಮೊದಲೂ ನಂತರವೂ ಅದೇ ಮೊಬೈಲನ್ನು ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಇಟ್ಟು ಡೆಸಿಬೆಲ್ ಆ್ಯಪಿನಲ್ಲಿ ಅಳೆಯಿರಿ. ಅದರ ಅಂಕಿ ಕರಾರುವಾಕ್ಕಲ್ಲ, ಆದರೆ ವ್ಯತ್ಯಾಸ ನಂಬುವಂಥದ್ದು.

ಗಾಳಿಯ ಪ್ರಶ್ನೆ

ಇಷ್ಟು ಹೊತ್ತು 'ಮುಚ್ಚಿ' ಎಂದೇ ಹೇಳುತ್ತ ಬಂದೆ. ಆದರೆ ಮುಚ್ಚಿದ ಕೋಣೆಯಲ್ಲಿ ಮಲಗುವುದು ಹೇಗೆ? ಏಸಿ ಇಲ್ಲದೆ, ಕಿಟಕಿ ತೆರೆದು, ಸಂಜೆಯ ತಂಗಾಳಿಗೆ ಮೈಯೊಡ್ಡಿ ಬದುಕಿದ ಊರು ಇದು. ಬಿಗಿಯಾಗಿ ಮುಚ್ಚಿದ ಕೋಣೆಯಲ್ಲಿ ಇಬ್ಬರು ಮಲಗಿದರೆ ಬೆಳಗಿನ ಹೊತ್ತಿಗೆ ಗಾಳಿ ಹಳಸಿರುತ್ತದೆ, ಎದ್ದಾಗ ತಲೆ ಭಾರ. ಸದ್ದು ನಮ್ಮಿಂದ ಕಿತ್ತುಕೊಂಡದ್ದು ನಿದ್ದೆಯನ್ನಷ್ಟೇ ಅಲ್ಲ, ಗಾಳಿಯನ್ನೂ. ನಿದ್ದೆ ಬೇಕೋ ಗಾಳಿ ಬೇಕೋ ಆರಿಸಿಕೋ ಎಂದು ಒಂದು ಊರು ತನ್ನ ಜನರಿಗೆ ಹೇಳುವುದು ಅನ್ಯಾಯ, ಇದನ್ನು ಜೋರಾಗಿಯೇ ಹೇಳಬೇಕು. ಏಸಿ ಹಾಕಿಸಿದರಾಯಿತು ಎನ್ನುವುದು ಉತ್ತರವಲ್ಲ. ಮನೆಗಳಲ್ಲಿ ಹೆಚ್ಚಾಗಿ ಇರುವ ಸ್ಪ್ಲಿಟ್ ಏಸಿ ಒಳಗಿನ ಗಾಳಿಯನ್ನೇ ತಿರುಗಿಸಿ ತಂಪು ಮಾಡುತ್ತದೆ, ಹೊಸ ಗಾಳಿ ತರುವುದಿಲ್ಲ. ಅದರ ಹೊರಗಿನ ಯಂತ್ರ ಪಕ್ಕದ ಮನೆಯವರ ನಿದ್ದೆಗೆ ಹೊಸ ಸದ್ದು.

ಹಾಂಕಾಂಗ್‌ನ ಸರ್ಕಾರಿ ವಸತಿ ಕಟ್ಟಡಗಳಲ್ಲಿ ಇದಕ್ಕೊಂದು ಜಾಣ ಉಪಾಯ ಕಂಡುಕೊಂಡಿದ್ದಾರೆ. ಅಲ್ಲಿಯೂ ಸೆಕೆ, ಅಲ್ಲಿಯೂ ಹೆದ್ದಾರಿಯ ಪಕ್ಕ ಮನೆ. ಎರಡು ಪದರದ ಕಿಟಕಿ, ಹೊರಗಿನದು ಒಂದು ತುದಿಯಲ್ಲಿ ತೆರೆದಿರುತ್ತದೆ, ಒಳಗಿನದು ಇನ್ನೊಂದು ತುದಿಯಲ್ಲಿ. ಗಾಳಿ ನಡುವಿನ ಓಣಿಯಲ್ಲಿ ಅಡ್ಡಡ್ಡ ಹರಿದು ಒಳಬರುತ್ತದೆ. ಸದ್ದು ಅದೇ ಓಣಿಯಲ್ಲಿ ಬಡಿದಾಡಿ ಸೊರಗುತ್ತದೆ. ಪೂರ್ತಿ ಮುಚ್ಚಿದಷ್ಟು ಮೌನ ಸಿಗುವುದಿಲ್ಲ, ಆದರೆ ತೆರೆದಿಟ್ಟ ಕಿಟಕಿಗಿಂತ ಸ್ಪಷ್ಟವಾಗಿ ಕಡಿಮೆ ಸದ್ದು, ಗಾಳಿಯೂ ಉಂಟು. ಕಿಟಕಿಯ ಹಿಂದೆ ಕಿಟಕಿ ಹಾಕಿಸಿದವರು ಇದನ್ನು ಖರ್ಚಿಲ್ಲದೆ ಮಾಡಿ ನೋಡಬಹುದು. ಹೊರಗಿನ ಸ್ಲೈಡಿಂಗನ್ನು ಎಡ ತುದಿಯಲ್ಲಿ, ಒಳಗಿನದನ್ನು ಬಲ ತುದಿಯಲ್ಲಿ ನಾಲ್ಕು ಬೆರಳಷ್ಟು ತೆರೆದು ಮಲಗಿ. ಸೆಕೆಯ ಏಪ್ರಿಲ್ ರಾತ್ರಿಗಳಿಗೆ ಒಳ್ಳೆಯ ರಾಜಿ.

ಇನ್ನೊಂದು ದಾರಿ ಹಳೆಯ ತೊಟ್ಟಿಮನೆಯ ದಾರಿಯೇ. ಗಾಳಿಯನ್ನು ಸದ್ದಿಲ್ಲದ ಬದಿಯಿಂದ ತರುವುದು. ಹಿತ್ತಲ ಕಡೆಯ, ಯುಟಿಲಿಟಿಯ ಕಡೆಯ, ಲಿಫ್ಟ್ ಪಕ್ಕದ ಡಕ್ಟಿನ ಕಡೆಯ ಕಿಟಕಿ ತೆರೆದಿಟ್ಟು, ರಸ್ತೆಯ ಬದಿಯನ್ನು ಮುಚ್ಚಿ, ಕೋಣೆಯ ಬಾಗಿಲು ತೆರೆದು ಮಲಗಬಹುದು. ಕಟ್ಟಡದ ಹಿಂಬದಿಗೂ ಮುಂಬದಿಗೂ ಸದ್ದಿನಲ್ಲಿ ಇರುವ ಅಂತರ ಎಷ್ಟೋ ಸಲ ಯಾವ ಗಾಜೂ ಕೊಡಲಾರದಷ್ಟು ದೊಡ್ಡದು. ಮನೆಯ ನಕ್ಷೆ ಬರೆಯುವಾಗಲೇ ಮಲಗುವ ಕೋಣೆಯನ್ನು ಹಿಂದಕ್ಕೆ, ಅಡುಗೆಮನೆ, ಬಚ್ಚಲು, ಮೆಟ್ಟಿಲನ್ನು ರಸ್ತೆಯ ಕಡೆಗೆ ಹಾಕಿದರೆ ಅರ್ಧ ಯುದ್ಧ ಗೆದ್ದಂತೆ. ನೈಋತ್ಯ ಮೂಲೆಯಲ್ಲೇ ಯಜಮಾನರ ಕೋಣೆ ಇರಬೇಕೆಂಬ ವಾಸ್ತುವಿನ ಪಟ್ಟಿಗೆ ಮಣಿದು, ಆ ಮೂಲೆ ಹೆದ್ದಾರಿಯ ಮೇಲಿದ್ದರೂ ಅಲ್ಲೇ ಮಲಗುವ ಕುಟುಂಬಗಳನ್ನು ಕಂಡಾಗ ಬೇಸರವಾಗುತ್ತದೆ.

ಬಾಡಿಗೆ ಮನೆಯವರಿಗೆ ಇಷ್ಟೆಲ್ಲ ಆಗದು. ಅವರಿಗೆ ಅಂಚುಗಳಿಗೆ ಅಂಟಿಸುವ ರಬ್ಬರ್ ಪಟ್ಟಿ, ಹೊಸ ಬ್ರಶ್, ಬಾಗಿಲಿನ ಕೆಳಗೊಂದು ಸೀಲ್, ಹಾಸಿಗೆಯನ್ನು ಕಿಟಕಿಯಿಂದ ದೂರದ ಗೋಡೆಗೆ ಸರಿಸುವುದು. ಅಯಸ್ಕಾಂತದ ಪಟ್ಟಿಯಿಂದ ಚೌಕಟ್ಟಿಗೆ ಅಂಟಿ ನಿಲ್ಲುವ ಅಕ್ರಿಲಿಕ್ ಹಾಳೆಯನ್ನು ಮಾಡಿಸಿಕೊಂಡರೆ ಮನೆ ಬಿಡುವಾಗ ಕಳಚಿ ಒಯ್ಯಬಹುದು. ದಪ್ಪ ಪರದೆ ಕೋಣೆಯ ಮಾರ್ದನಿಯನ್ನು ತುಸು ತಗ್ಗಿಸುತ್ತದೆ, ಅಷ್ಟೆ. ಬಾಲ್ಕನಿಯ ಕುಂಡಗಳು ಕಣ್ಣಿಗೆ ಹಿತ, ಸದ್ದಿಗೆ ತಡೆಯಲ್ಲ.

ಬೆಲೆ ತೆರಬೇಕಾದವರು

ಬ್ರಿಟನ್ನಿನಲ್ಲಿ 1963ರ ವಿಲ್ಸನ್ ಸಮಿತಿಯ ವರದಿಯಿಂದಾಚೆಗೆ ಸದ್ದು ಸಾರ್ವಜನಿಕ ಹೊಣೆಯ ವಿಷಯವಾಯಿತು. 1975ರ ನಿಯಮಗಳ ಪ್ರಕಾರ ಹೊಸ ರಸ್ತೆಯಿಂದ ಸದ್ದು ಒಂದು ಮಿತಿ ದಾಟಿದರೆ, ರಸ್ತೆ ಮಾಡಿದ ಪ್ರಾಧಿಕಾರವೇ ಆ ಮನೆಗಳಿಗೆ ಎರಡನೆಯ ಕಿಟಕಿ ಹಾಕಿಸಿಕೊಡಬೇಕು. ಕಿಟಕಿಯ ಜೊತೆಗೆ ಗಾಳಿಯಾಡಲು ಸದ್ದು ತಡೆಯುವ ವೆಂಟಿಲೇಟರನ್ನೂ. ಗಾಳಿಯಿಲ್ಲದ ಮೌನ ಪರಿಹಾರವಲ್ಲ ಎಂಬುದನ್ನು ಆ ಕಾನೂನು ಅಂದೇ ಒಪ್ಪಿಕೊಂಡಿತ್ತು.

ನ್ಯೂಯಾರ್ಕಿನ ಮನೋವಿಜ್ಞಾನಿ ಆರ್ಲಿನ್ ಬ್ರಾನ್ಜಾಫ್ಟ್ 1975ರಲ್ಲಿ ಮ್ಯಾನ್‌ಹಟನ್ನಿನ ಪಿ.ಎಸ್. 98 ಎಂಬ ಶಾಲೆಯ ಬಗ್ಗೆ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗುತ್ತದೆ. ಕಟ್ಟಡದ ಒಂದು ಬದಿಯಲ್ಲಿ ಎತ್ತರದ ಹಳಿಯ ಮೇಲೆ ರೈಲು ಹೋಗುತ್ತಿತ್ತು. ಆ ಬದಿಯ ತರಗತಿಗಳ ಆರನೆಯ ತರಗತಿ ಮಕ್ಕಳು ಓದಿನಲ್ಲಿ ಮೌನದ ಬದಿಯ ಮಕ್ಕಳಿಗಿಂತ ಹೆಚ್ಚುಕಡಿಮೆ ಒಂದು ವರ್ಷ ಹಿಂದಿದ್ದರು. ಆಮೇಲೆ ಹಳಿಯ ಕೆಳಗೆ ರಬ್ಬರ್ ಮೆತ್ತೆ ಹಾಕಿದರು, ತರಗತಿಯ ಸೂರಿಗೆ ಸದ್ದು ಹೀರುವ ಹಲಗೆ ಕೂರಿಸಿದರು. 1981ರ ಮರು ಅಧ್ಯಯನದ ಹೊತ್ತಿಗೆ ಎರಡೂ ಬದಿಯ ಮಕ್ಕಳು ಸಮನಾಗಿದ್ದರು.

ನಮ್ಮ ಊರಲ್ಲಿ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನವರೆಗಿನ ಎರಡಂತಸ್ತಿನ ಮೇಲ್ಸೇತುವೆ 2024ರಲ್ಲಿ ವಾಹನಗಳಿಗೆ ತೆರೆಯಿತು, 2025ರ ಆಗಸ್ಟ್‌ನಲ್ಲಿ ಅದರ ಮೇಲಂತಸ್ತಿನಲ್ಲಿ ಹಳದಿ ಮಾರ್ಗದ ಮೆಟ್ರೊ ಓಡತೊಡಗಿತು. ನೆಲದ ಮೇಲಿನ ರಸ್ತೆ, ಅದರ ಮೇಲೊಂದು ರಸ್ತೆ, ಅದರ ಮೇಲೆ ರೈಲು. ಮೆಟ್ರೊ ಬೇಕು, ಅದರ ಬಗ್ಗೆ ಎರಡು ಮಾತಿಲ್ಲ. ಇಂಥ ಸೇತುವೆಗಳು ಇನ್ನಷ್ಟು ಬರಲಿವೆ. ಅವುಗಳ ಅಂದಾಜು ವೆಚ್ಚದ ಪಟ್ಟಿಯಲ್ಲಿ ಕಂಬ, ತೊಲೆ, ಡಾಂಬರು, ದೀಪದ ಜೊತೆಗೆ ಅಕ್ಕಪಕ್ಕದ ಕಟ್ಟಡಗಳ ಕಿಟಕಿಗೂ ಗಾಳಿಯ ದಾರಿಗೂ ಒಂದು ಸಾಲು ಇರಬೇಕು. ಕೆಲಸ ಶುರುವಾಗುವ ಮೊದಲೇ ಸದ್ದು ಅಳೆದಿಡಬೇಕು, ಮುಗಿದ ಮೇಲೆ ಮತ್ತೆ ಅಳೆಯಬೇಕು. ಹಣ ಸಾಲದಿದ್ದರೆ ಮೊದಲು ರಸ್ತೆಬದಿಯ ಸರ್ಕಾರಿ ಶಾಲೆಗಳು ಮತ್ತು ಆಸ್ಪತ್ರೆಗಳು, ಆಮೇಲೆ ಸೇತುವೆಯ ಮಟ್ಟಕ್ಕೆ ಬರುವ ಎರಡನೆಯ, ಮೂರನೆಯ ಮಹಡಿಗಳ ಮಲಗುವ ಕೋಣೆಗಳು.